ಟ್ರೋವ್‌ನಲ್ಲಿ ವಿಮೆನ್ಸ್ ವೀಕ್ಲಿ: ಹುಡುಕಬೇಡಿ, ಮೊದಲ ವಾರದಿಂದ ಓದಿ

ಇದು ದುಡ್ಡು ಕೊಟ್ಟು ಕೊಂಡ ವಸ್ತುವಿನ ವಿಮರ್ಶೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯದ ನ್ಯಾಷನಲ್ ಲೈಬ್ರರಿ ಟ್ರೋವ್ ಅಂತ ಒಂದು ವೆಬ್‌ಸೈಟ್ ನಡೆಸುತ್ತದೆ. ಅದರಲ್ಲಿ 'ದಿ ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ' ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಟ್ಟಿದ್ದಾರೆ. 1933ರ ಜೂನ್ 10ರ ಮೊದಲ ಸಂಚಿಕೆಯಿಂದ 1982ರ ಡಿಸೆಂಬರ್‌ವರೆಗೆ. ಲೆಕ್ಕ ಹಾಕಿದರೆ ಎರಡೂವರೆ ಸಾವಿರ ವಾರಕ್ಕೂ ಜಾಸ್ತಿ. ಮುಖಪುಟ, ಕಥೆ, ಅಡುಗೆ, ಜಾಹೀರಾತು ಎಲ್ಲವೂ ಇದೆ. ಲಾಗಿನ್ ಬೇಡ, ಕಾಸು ಬೇಡ. ಶಿವಮೊಗ್ಗದಲ್ಲಿ ಕೂತೂ ಓದಬಹುದು. ಓದುತ್ತಿರುವವರೊಬ್ಬರು ನನಗೆ ಗೊತ್ತು, ಅವರ ವಿಷಯ ಆಮೇಲೆ ಬರುತ್ತದೆ.

ನಾನು ಮೆಲ್ಬರ್ನ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಮಾಡಿಸುವ ಜಾಗದ ಪಕ್ಕದಲ್ಲೇ ಈ ಪತ್ರಿಕೆ ಇರುತ್ತದೆ. ಹೆಸರಲ್ಲಿ ವಾರ ಇದೆ, ಬರುವುದು ಮಾತ್ರ ತಿಂಗಳ ಲೆಕ್ಕದಲ್ಲಿ. ಬಂದ ಹೊಸದರಲ್ಲಿ ಇದೇನಪ್ಪಾ ಅನಿಸಿತ್ತು, ಅಷ್ಟಕ್ಕೇ ಬಿಟ್ಟಿದ್ದೆ. ಮುಖಪುಟದಲ್ಲಿ ರಾಜಮನೆತನದವರು, ಟೀವಿಯವರು, ಇಲ್ಲಾ ಒಂದು ಕೇಕ್. ಕೈಗೆತ್ತಿಕೊಂಡು ಓದಬೇಕು ಅಂತ ಒಂದು ದಿನವೂ ಅನಿಸಿರಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಅಮ್ಮ ಬಂದಳು. ನಾವು ಕೆಲಸಕ್ಕೆ, ಮಗಳು ಸ್ಕೂಲಿಗೆ. ಹೊರಗೆ ಚಳಿ, ಐದು ಗಂಟೆಗೆಲ್ಲ ಕತ್ತಲೆ. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವಳು. ಇಂಗ್ಲಿಷ್ ನಿಧಾನವಾಗಿ ಓದುತ್ತಾಳೆ, ಆದರೆ ಓದುತ್ತಾಳೆ. ಒಂದು ಭಾನುವಾರ ಟ್ರೋವ್ ತೆಗೆದು ಅವಳಿಗೆ ತೋರಿಸೋಣ ಅಂತ ಕೂತೆ. ಎಲ್ಲರೂ ಮಾಡುವುದನ್ನೇ ಮಾಡಿದೆ. ಹುಡುಕುವ ಡಬ್ಬಿಯಲ್ಲಿ ಸೀರೆಗೆ ಇಂಗ್ಲಿಷಿನ 'ಸಾರಿ' ಅಂತ ಹೊಡೆದೆ, ಆಮೇಲೆ 'ಇಂಡಿಯಾ', ಆಮೇಲೆ 'ಕರಿ'. ಸಾವಿರಗಟ್ಟಲೆ ಬಂದವು. ಇದೊಂದು ತುಂಡು, ಅದೊಂದು ತುಂಡು. ಐದು ನಿಮಿಷ ನೋಡಿ ಅಮ್ಮ, "ಮೊದಲನೇದು ಹಾಕೇ. ಮೊದಲಿಂದ ಓದದೆ ಧಾರಾವಾಹಿ ಅರ್ಥ ಆಗುತ್ತಾ?" ಅಂದಳು. ಮೂವತ್ತು ವರ್ಷ 'ಸುಧಾ' ವಾರ ವಾರ ಓದಿದ ಹೆಂಗಸು ಅವಳು. ಅವಳ ಮಾತು ಕೇಳಿದ್ದೇ ಒಳ್ಳೆಯದಾಯಿತು. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾಗಿರುವ ಮುಖ್ಯ ಮಾತೂ ಅದೇ. ಇದನ್ನು ಹುಡುಕಿ ಓದಬೇಡಿ. ಒಂದು ವಾರ ಹಿಡಿಯಿರಿ, ಪೂರ್ತಿ ಓದಿ, ಮುಂದಿನ ವಾರಕ್ಕೆ ಹೋಗಿ.

ಮೊದಲ ಸಂಚಿಕೆ ನೋಡಿದರೆ ವಾರಪತ್ರಿಕೆ ಅನಿಸುವುದಿಲ್ಲ, ದಿನಪತ್ರಿಕೆ ಅನಿಸುತ್ತದೆ. ಕಪ್ಪು ಬಿಳುಪು, ದೊಡ್ಡ ಹಾಳೆ, ಒತ್ತೊತ್ತಾಗಿ ಕಾಲಂಗಳು. ಬೆಲೆ ಎರಡು ಪೆನ್ಸ್. ಮೊದಲ ಪುಟದಲ್ಲೇ ಗಂಡು ಹೆಣ್ಣಿಗೆ ಸಮಾನ ಸಾಮಾಜಿಕ ಹಕ್ಕು ಬೇಕು ಅನ್ನುವ ಸುದ್ದಿ, ಅದರ ಜೊತೆಗೇ ಫ್ಯಾಷನ್. 1933ರಲ್ಲಿ! ಹೆಂಗಸರ ಪತ್ರಿಕೆ ಅಂದರೆ ಉಪ್ಪಿನಕಾಯಿ, ಹೆಣಿಗೆ, ಮುಖಕ್ಕೆ ಹಚ್ಚುವ ಕ್ರೀಮು ಅಂದುಕೊಂಡು ಕೂತಿದ್ದ ನನಗೆ ಇದು ನಿಜಕ್ಕೂ ಬೇರೆ ಥರ ಕಂಡಿತು. ಸುದ್ದಿಯನ್ನೂ ಕೊಡಬೇಕು, ಮನೆಗೆ ಬೇಕಾದ್ದನ್ನೂ ಕೊಡಬೇಕು ಅನ್ನುವುದು ಮೊದಲ ಸಂಪಾದಕ ಜಾರ್ಜ್ ವಾರ್ನೆಕಿಯ ಯೋಚನೆ. ಮೊದಲ ಸಂಚಿಕೆಯೇ ಲಕ್ಷಕ್ಕೂ ಮೀರಿ ಖರ್ಚಾಯಿತು. ಆಗ ಇಡೀ ಆಸ್ಟ್ರೇಲಿಯದ ಜನಸಂಖ್ಯೆ ಸುಮಾರು 66 ಲಕ್ಷ ಅಷ್ಟೇ. ಜೊತೆಗೆ ಅದು ಜಗತ್ತಿನ ಆರ್ಥಿಕ ಕುಸಿತದ ಕಾಲ, ಇಲ್ಲಿ ಗಂಡಸರಿಗೆ ಕೆಲಸವಿಲ್ಲ, ಮನೆಯಲ್ಲಿ ಹೆಂಗಸರು ಒಂದೊಂದು ಪೆನ್ನಿಯನ್ನೂ ಎಣಿಸಿ ಇಡುತ್ತಿದ್ದ ದಿನಗಳು. ಅಂಥಾದ್ದರಲ್ಲಿ ಎರಡು ಪೆನ್ಸ್ ಕೊಟ್ಟು ತಮಗಾಗಿ ಒಂದು ಪತ್ರಿಕೆ ಕೊಂಡರು ಅಂದರೆ ಯೋಚನೆ ಮಾಡಿ.

ಪತ್ರಿಕೆ ಶುರುವಾದ ಕಥೆಯೂ ಮಜವಾಗಿದೆ. ಫ್ರಾಂಕ್ ಪ್ಯಾಕರ್ ಅಂತ ಒಬ್ಬ ಯುವಕ. ಜೊತೆಗೆ ಟೆಡ್ ಥಿಯೋಡೋರ್, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪ್ರೀಮಿಯರ್ ಆಗಿದ್ದವನು, ಆಮೇಲೆ ದೇಶದ ಹಣಕಾಸು ಮಂತ್ರಿ ಆಗಿದ್ದವನು. ಇಬ್ಬರೂ ಸೇರಿ ಸಿಡ್ನಿಯಲ್ಲಿ ಅಗ್ಗದ ಬೆಲೆಗೆ ಒಂದು ಹೊಸ ಸಂಜೆ ಪತ್ರಿಕೆ ತರುತ್ತೇವೆ ಅಂತ ಹೊರಟರು. ಆಗಲೇ ಸಂಜೆ ಪತ್ರಿಕೆ ನಡೆಸುತ್ತಿದ್ದ ದೊಡ್ಡ ಕಂಪನಿ ಹೆದರಿತು. ಮೂರು ವರ್ಷ ನೀವು ಸಂಜೆ ಪತ್ರಿಕೆ ತರಬೇಡಿ ಅಂತ ಇವರಿಗೆ 86,500 ಪೌಂಡ್ ಕೊಟ್ಟಿತು. ಆ ಕಾಲಕ್ಕೆ ಅದು ಭಾರೀ ಹಣ. ಆ ಹಣದಲ್ಲೇ ಈ ಹೆಂಗಸರ ವಾರಪತ್ರಿಕೆ ಹುಟ್ಟಿತು. ಮುಂದೆ ಆಸ್ಟ್ರೇಲಿಯದ ಅತಿ ದೊಡ್ಡ ಮಾಧ್ಯಮ ಮನೆತನಗಳಲ್ಲಿ ಒಂದಾದ ಪ್ಯಾಕರ್ ಮನೆತನದ ಬುನಾದಿ ಇದೇ ಪತ್ರಿಕೆ. ಕೆರಿ ಪ್ಯಾಕರ್ ಹೆಸರು ನಮ್ಮ ಕಡೆ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತಲ್ವಾ, 1977ರಲ್ಲಿ ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು ಮಾಡಿದವನು? ಅವನು ಈ ಫ್ರಾಂಕ್‌ನ ಮಗ. ಬಣ್ಣದ ಬಟ್ಟೆ ಹಾಕಿ ರಾತ್ರಿ ದೀಪದ ಬೆಳಕಲ್ಲಿ ಆಡಿದ ಆ ಕ್ರಿಕೆಟ್‌ನ ಹಿಂದಿದ್ದ ಆಸ್ತಿಯ ಬೇರು ಹೆಂಗಸರು ಕೊಟ್ಟ ಎರಡೆರಡು ಪೆನ್ಸ್‌ನಲ್ಲಿ ಇದೆ. ಇದನ್ನು ಜಾಸ್ತಿ ಜನ ಹೇಳುವುದೇ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಓದುಗರ ಪತ್ರಗಳು ಮತ್ತು ಅಡುಗೆ ಸ್ಪರ್ಧೆ.

ಪ್ರತಿ ವಾರ ಹೆಂಗಸರು ತಮ್ಮ ಮನೆಯ ಅಡುಗೆಯ ವಿಧಾನ ಬರೆದು ಕಳಿಸುತ್ತಿದ್ದರು. ಒಳ್ಳೆಯದಕ್ಕೆ ಒಂದು ಪೌಂಡ್, ಉಳಿದವಕ್ಕೆ ಎರಡೂವರೆ ಶಿಲ್ಲಿಂಗ್. ಗೆದ್ದವರ ಹೆಸರು, ಪೂರ್ತಿ ವಿಳಾಸದ ಜೊತೆ ಅಚ್ಚಾಗುತ್ತಿತ್ತು. ಮನೆ ನಂಬರ್, ಬೀದಿ, ಊರು, ಎಲ್ಲ. ಅಮ್ಮ ಒಂದು ಸಂಜೆ ಕನ್ನಡಕ ಸರಿಮಾಡಿಕೊಂಡು ಒಂದು ವಿಳಾಸ ಓದಿ, "ಈ ಬೀದಿ ನಾವು ತರಕಾರಿ ತರೋಕೆ ಹೋಗ್ತೀವಲ್ಲ, ಅಲ್ಲಿ ಬೋರ್ಡ್ ನೋಡಿದ್ದೆ" ಅಂದಳು. ಹೌದು, ಅದೇ ಬೀದಿ. ಮುಂದಿನ ಶನಿವಾರ ಆ ದಾರಿಯಲ್ಲೇ ಹೋದೆವು. ಆ ನಂಬರಿನ ಜಾಗದಲ್ಲಿ ಈಗ ಎರಡು ಅಂತಸ್ತಿನ ಹೊಸ ಮನೆಗಳಿವೆ. ಆದರೆ ಮುಂದೆ ಒಂದು ಹಳೆಯ ನಿಂಬೆ ಮರ ಉಳಿದಿದೆ. ಆಕೆ ಬರೆದು ಕಳಿಸಿದ್ದೂ ನಿಂಬೆಹಣ್ಣಿನ ಪುಡ್ಡಿಂಗ್. ಅದೇ ಮರವೋ ಅಲ್ಲವೋ, ಅಮ್ಮ ಮಾತ್ರ ಕಾರಿನ ಕಿಟಕಿ ಇಳಿಸಿ ಸುಮಾರು ಹೊತ್ತು ನೋಡಿದಳು.

ಆ ಪುಡ್ಡಿಂಗ್ ಮಾಡಿ ನೋಡಿದೆವು. ಚೆನ್ನಾಗಿ ಬಂತು. ಹಳೆಯ ಅಡುಗೆಗಳಲ್ಲಿ ಅಳತೆ ಕಪ್ಪು, ಚಮಚ, ಔನ್ಸ್ ಲೆಕ್ಕದಲ್ಲಿ ಇರುತ್ತದೆ. ಓವನ್ ಬಿಸಿಗೆ ನಂಬರ್ ಕೊಡದೆ 'ಮಧ್ಯಮ ಬಿಸಿ' ಅಂತ ಬರೆದಿರುತ್ತಾರೆ. ನಾನು 180 ಡಿಗ್ರಿ ಇಟ್ಟೆ, ಸಾಕಾಯಿತು. ಬೆಣ್ಣೆಯನ್ನು ಔನ್ಸ್‌ನಲ್ಲಿ ಹೇಳಿದ್ದರೆ ಒಂದು ಔನ್ಸ್‌ಗೆ 28 ಗ್ರಾಂ ಅಂತ ಹಿಡಿಯಿರಿ. 'ಕರಿ' ಅಂತ ಬರುವ ಅಡುಗೆಗಳ ಬಗ್ಗೆ ಮಾತ್ರ ಒಂದು ಮಾತು. ಒಂದು ಚಮಚ ಕರಿ ಪೌಡರ್, ಸೇಬು, ಒಣದ್ರಾಕ್ಷಿ, ಕೆಲವೊಮ್ಮೆ ಬಾಳೆಹಣ್ಣು. ಒಗ್ಗರಣೆ ಅನ್ನುವುದೇ ಇಲ್ಲ. "ಇದು ಸಾರೂ ಅಲ್ಲ, ಗೊಜ್ಜೂ ಅಲ್ಲ" ಅಂದಳು ಅಮ್ಮ. ಅದನ್ನು ಮಾಡಿ ನೋಡಲಿಲ್ಲ.

ಪತ್ರಗಳಿಗೂ ಬಹುಮಾನ ಇತ್ತು. ಅದಕ್ಕೋ ಏನೋ, ಎಲ್ಲ ಥರದ ಹೆಂಗಸರೂ ಬರೆಯುತ್ತಿದ್ದರು. ಒಬ್ಬಳು ಬರೆದಿದ್ದಕ್ಕೆ ಕೆಲವು ವಾರ ಬಿಟ್ಟು ಇನ್ನೊಬ್ಬಳು ಎಲ್ಲಿಂದಲೋ ಉತ್ತರ ಕೊಡುತ್ತಾಳೆ. ಮದುವೆಯಾದ ಹೆಣ್ಣು ಕೆಲಸಕ್ಕೆ ಹೋಗಬೇಕೋ ಬೇಡವೋ ಅನ್ನುವ ಜಗಳ ಎಷ್ಟು ವರ್ಷ ನಡೆಯಿತು ಅಂತೀರಿ! ಇಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದರೆ ಕಾಯಂ ಕೆಲಸ ಬಿಡಬೇಕಿತ್ತು. ಆ ಕಾನೂನು ಹೋಗಿದ್ದು 1966ರಲ್ಲಿ. ಅಲ್ಲಿಯವರೆಗೂ ಓದುಗರು ತಮ್ಮ ತಮ್ಮಲ್ಲೇ ಪತ್ರದಲ್ಲಿ ವಾದ ಮಾಡಿಕೊಂಡೇ ಬಂದರು. ಹುಡುಕಿ ತೆಗೆದರೆ ಒಂದು ಪತ್ರ ಸಿಗುತ್ತದೆ. ವಾರ ವಾರ ಓದಿದರೆ ಮಾತುಕತೆ ಸಿಗುತ್ತದೆ. ಕಳೆದ ವಾರ ಕೋಪದಲ್ಲಿ ಬರೆದವಳಿಗೆ ಈ ವಾರ ಯಾರು ಏನು ಹೇಳಿದರು ಅಂತ ನೋಡಲು ಅಮ್ಮ ಕಾಯುತ್ತಿದ್ದಳು. ಬೆಳಗ್ಗೆ ಕಾಫಿ ಲೋಟ ಹಿಡಿದು, "ಮುಂದಿನ ವಾರದ್ದು ಹಾಕು" ಅನ್ನುವುದು ಅವಳ ರೂಢಿಯೇ ಆಗಿಹೋಯಿತು.

1936ಕ್ಕೆ ಬಂದಾಗ ಕುಣಿದಾಡಿದ್ದು ನಾನು. ಆ ವರ್ಷ ಕಾಮಿಕ್ಸ್ ನಾಯಕ ಫ್ಯಾಂಟಮ್ ಬಂದ! ಆಸ್ಟ್ರೇಲಿಯದಲ್ಲಿ ಫ್ಯಾಂಟಮ್ ಮೊದಲು ಕಾಣಿಸಿಕೊಂಡಿದ್ದು ಈ ಹೆಂಗಸರ ಪತ್ರಿಕೆಯಲ್ಲಿ. ಜಾದೂಗಾರ ಮಾಂಡ್ರೇಕ್ ಅದಕ್ಕೂ ಮೊದಲೇ ಇದ್ದ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು, ಚಿಕ್ಕಂದಿನಲ್ಲಿ ಅಣ್ಣನ ಜೊತೆ ಜಗಳ ಆಡಿ ಓದಿದ ಡೆಂಕಾಲಿ ಕಾಡಿನ ಕಥೆಗಳು ನನಗೆ ಬಾಯಿಪಾಠ. ಅವೇ ಕಥೆಗಳು ನಮಗಿಂತ ದಶಕಗಳ ಮೊದಲು ಇಲ್ಲಿ ಹಾಲಿನ ಲೆಕ್ಕ ಬರೆಯುವ ಅಡುಗೆಮನೆ ಮೇಜಿನ ಮೇಲೆ ಬಿದ್ದಿದ್ದವು. ಪತ್ರಿಕೆ ಅಮ್ಮನದು, ಕಾಮಿಕ್ಸ್ ಪುಟ ಮಕ್ಕಳದು. ಮನೆಗೆ ಒಂದೇ ಪತ್ರಿಕೆ ಬಂದರೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರಬೇಕು, ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ?

ಯುದ್ಧದ ವರ್ಷಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಮ್ಮ ಅಲ್ಲಿಯವರೆಗೆ ಬರುವ ಮೊದಲೇ ನಾನು ಕದ್ದು ಮುಂದೆ ಓದಿಬಿಟ್ಟೆ.

1941ರಲ್ಲಿ ವೀಕ್ಲಿ ತನ್ನ ವರದಿಗಾರ್ತಿ ಅಡೆಲ್ ಶೆಲ್ಟನ್ ಸ್ಮಿತ್‌ಳನ್ನು ಮಲಯಕ್ಕೆ, ಅಂದರೆ ಈಗಿನ ಮಲೇಷ್ಯಾದ ಕಡೆಗೆ, ಕಳಿಸಿತು. ಜೊತೆಗೆ ಒಬ್ಬ ಫೋಟೋಗ್ರಾಫರ್. ಅಲ್ಲಿ ಆಸ್ಟ್ರೇಲಿಯದ ಸೈನಿಕರು ಬೀಡುಬಿಟ್ಟಿದ್ದರು, ಯುದ್ಧ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಮನೆಯಲ್ಲಿರುವ ತಾಯಂದಿರಿಗೆ, ಹೆಂಡಂದಿರಿಗೆ ಸಮಾಧಾನ ಆಗಲಿ ಅಂತ ಆಕೆ ಹುಡುಗರು ಹೇಗಿದ್ದಾರೆ, ಏನು ತಿನ್ನುತ್ತಾರೆ, ರಜೆಯಲ್ಲಿ ಎಲ್ಲಿ ಹೋಗುತ್ತಾರೆ ಅಂತೆಲ್ಲ ಬರೆದಳು. ಡ್ಯಾನ್ಸು, ಪೇಟೆ, ನಗುಮುಖ. ಪತ್ರಿಕೆ ಮನೆಮನೆಗೆ ಹೋಯಿತು. ಆದದ್ದು ಬೇರೆ. ನೀವು ಅಲ್ಲಿ ಮಜಾ ಮಾಡುತ್ತಿದ್ದೀರಾ ಅಂತ ಹೆಂಡಂದಿರಿಗೆ ಸಿಟ್ಟು ಬಂತು. ನಾವು ಸೆಖೆಯಲ್ಲಿ ಬೆವರು ಸುರಿಸಿ ತರಬೇತಿ ಮಾಡುತ್ತಿದ್ದರೆ ಇವಳು ಹೀಗೆ ಬರೆದಳಲ್ಲ ಅಂತ ಸೈನಿಕರಿಗೆ ಇನ್ನೂ ಸಿಟ್ಟು ಬಂತು. ಒಂದು ವರ್ಷದೊಳಗೆ ಮಲಯ, ಅದರ ಬೆನ್ನಿಗೇ 1942ರ ಫೆಬ್ರವರಿ 15ಕ್ಕೆ ಪಕ್ಕದ ಸಿಂಗಾಪುರ ಜಪಾನಿನ ಕೈಗೆ ಬಿತ್ತು. ಸುಮಾರು 15,000 ಆಸ್ಟ್ರೇಲಿಯನ್ನರು ಸೆರೆಯಾದರು. ಎಷ್ಟೋ ಜನ ವಾಪಸ್ ಬರಲೇ ಇಲ್ಲ.

ಇದು ಗೊತ್ತಿದ್ದು ಆ ಫೋಟೋಗಳನ್ನು ನೋಡಿ. ತೋಳಿಲ್ಲದ ಬನಿಯನ್ ಹಾಕಿಕೊಂಡು ನಗುತ್ತಿರುವ ಹುಡುಗರು. ನನಗೆ ತಡೆಯಲಾಗಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಆ ವರದಿಗಳನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆಕೆ ಬರೆದದ್ದು ಆ ವಾರದ ಸತ್ಯ. ವಾರಪತ್ರಿಕೆಗೆ ಮುಂದಿನ ವಾರ ಗೊತ್ತಿರುವುದಿಲ್ಲ. ಇತಿಹಾಸದ ಪುಸ್ತಕ ಓದುವಾಗ ಕೊನೆ ಗೊತ್ತಿದ್ದೇ ಬರೆದಿರುತ್ತಾರೆ, ಇಲ್ಲಿ ಹಾಗಲ್ಲ. ಇದೇ ನನಗೆ ಈ ಸಂಗ್ರಹದ ಎಲ್ಲಕ್ಕಿಂತ ದೊಡ್ಡ ಬೆಲೆ.

ಅದೇ ಕಾಲದ ಸಂಚಿಕೆಗಳಲ್ಲಿ ಸೈನಿಕರಿಗೆ ಕಳಿಸಲು ಕಾಲುಚೀಲ, ಕೈಗವಸು ಹೆಣೆಯುವ ವಿಧಾನಗಳಿವೆ. ಒಂದು ಪುಟ ಪ್ರಿಂಟ್ ತೆಗೆದು ಅಮ್ಮನಿಗೆ ಕೊಟ್ಟೆ. ಸುದ್ದಿ ಓದಲ್ಲ, ಅದು ನನ್ನ ಸರದಿ ಬಂದಾಗ ಅಂದಳು, ಹೆಣಿಗೆ ಮಾತ್ರ ನೋಡಿದಳು. "ಇದು ನಮ್ಮ ಮಂಕಿ ಕ್ಯಾಪ್ ಅಲ್ವಾ?" ಹೌದು, ಕುತ್ತಿಗೆವರೆಗೆ ಮುಚ್ಚುವ ಟೋಪಿ. 'ಕೆ' ಅಂದರೆ ಸೀದಾ, 'ಪಿ' ಅಂದರೆ ಉಲ್ಟಾ ಅಂತ ಒಂದೇ ಸಲ ಹೇಳಿಕೊಟ್ಟೆ. ಆಮೇಲೆ ನನ್ನನ್ನು ಕೇಳಲೇ ಇಲ್ಲ. ಎರಡು ವಾರದಲ್ಲಿ ಬೂದು ಬಣ್ಣದ ಉಲ್ಲನ್ ಟೋಪಿ ತಯಾರು. ಕಿವಿ ಹತ್ತಿರ ಎರಡು ಮನೆ ಕಮ್ಮಿ ಮಾಡಿದ್ದಾಳೆ, ಮೊಮ್ಮಗಳ ತಲೆ ಸಣ್ಣದು ಅಂತ. ಎಂಬತ್ತು ವರ್ಷದ ಹಿಂದಿನ ವಿಧಾನ ಒಂದು ಸಾಲೂ ತಪ್ಪಿಲ್ಲದೆ ಕೆಲಸ ಮಾಡಿತು.

ಸಂಪಾದಕರ ವಿಷಯ. 1939ರಿಂದ 1950ರವರೆಗೆ ಆಲಿಸ್ ಜಾಕ್ಸನ್. ಯುದ್ಧ ಮುಗಿದ ಕೂಡಲೇ, 1946ರಲ್ಲಿ, ಪ್ಯಾರಿಸ್‌ನ ಉಡುಪುಗಳನ್ನೂ ರೂಪದರ್ಶಿಗಳನ್ನೂ ಕರೆಸಿ ವೀಕ್ಲಿ ಫ್ಯಾಷನ್ ಪ್ರದರ್ಶನ ಮಾಡಿಸಿದ್ದು ಆಕೆಯ ಕಾಲದಲ್ಲಿ. ಆಮೇಲೆ ಎಸ್ಮಿ ಫೆನ್‌ಸ್ಟನ್, 1950ರಿಂದ 1972ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತೆರಡು ವರ್ಷ. ಆಮೇಲೆ ಡೊರೊಥಿ ಡ್ರೇನ್, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳಿಗೆ ಹೋಗಿ ವರದಿ ಮಾಡಿದವಳು. ಅಡುಗೆ ಪುಟದ ಪಕ್ಕದಲ್ಲೇ ಯುದ್ಧಭೂಮಿಯಿಂದ ಒಬ್ಬ ಹೆಂಗಸು ಬರೆದ ವರದಿ ಇರುತ್ತಿತ್ತು ಅನ್ನುವುದನ್ನು ಈ ಪತ್ರಿಕೆಯನ್ನು ಹಗುರವಾಗಿ ನೋಡುವವರು ಒಂದು ಸಲ ಓದಬೇಕು.

ಜಾಹೀರಾತುಗಳನ್ನು ದಾಟಿಸಬೇಡಿ. ಐವತ್ತರ ದಶಕದಲ್ಲಿ ಫ್ರಿಜ್ ಬರುತ್ತದೆ, ವಾಷಿಂಗ್ ಮೆಷಿನ್ ಬರುತ್ತದೆ, 1956ರಲ್ಲಿ ಟೀವಿ ಬರುತ್ತದೆ. ಎಲ್ಲದಕ್ಕೂ ಪಕ್ಕದಲ್ಲಿ ಸೊಂಟಕ್ಕೆ ಏಪ್ರನ್ ಕಟ್ಟಿದ ಹೆಂಗಸು ನಗುತ್ತಾ ನಿಂತಿರುತ್ತಾಳೆ. ಅದರ ಜೊತೆಗೇ ಬೆಕ್ಸ್ ಅನ್ನುವ ತಲೆನೋವಿನ ಪುಡಿಯ ಜಾಹೀರಾತು. ಸುಸ್ತಾಯಿತಾ, ತಲೆ ನೋವಾ, ಬೆಕ್ಸ್ ತಗೊಳ್ಳಿ. ಇಲ್ಲಿನ ಹೆಂಗಸರು ಅದನ್ನು ಟೀ ಜೊತೆ ದಿನಾ ತಗೊಳ್ಳುತ್ತಿದ್ದರು. ಅದರಲ್ಲಿದ್ದ ಫೆನಾಸಿಟಿನ್ ಅನ್ನುವ ಔಷಧದಿಂದ ಎಷ್ಟೋ ಜನರ ಮೂತ್ರಪಿಂಡ ಹಾಳಾಯಿತು. ಅದನ್ನು ಪತ್ತೆ ಮಾಡುವಲ್ಲಿ ನಮ್ಮ ಮೆಲ್ಬರ್ನ್‌ನ ವೈದ್ಯೆ ಪ್ರಿಸಿಲ್ಲಾ ಕಿನ್‌ಕೇಡ್ ಸ್ಮಿತ್ ದೊಡ್ಡ ಕೆಲಸ ಮಾಡಿದರು. ನಗುವ ಹೆಂಗಸಿನ ಚಿತ್ರದ ಪಕ್ಕದಲ್ಲೇ ಆ ಪುಡಿ ಯಾಕೆ ಅಷ್ಟು ಖರ್ಚಾಗುತ್ತಿತ್ತು ಅಂತ ಕೇಳಿಕೊಂಡರೆ, ಆ ಅಡುಗೆಮನೆಗಳೊಳಗೆ ಏನಿತ್ತು ಅಂತ ಸ್ವಲ್ಪ ಗೊತ್ತಾಗುತ್ತದೆ. ಲೇಖನಗಳು ಹೇಳದ್ದನ್ನು ಜಾಹೀರಾತು ಹೇಳುತ್ತದೆ.

ಇನ್ನು, ಇದರಲ್ಲಿ ಯಾರಿಲ್ಲ ಅಂತಲೂ ಹೇಳಬೇಕು. ನಮ್ಮಂಥವರು ಇಲ್ಲ. ಬಿಳಿಯರಲ್ಲದವರನ್ನು ದೇಶದೊಳಗೆ ಬಿಟ್ಟುಕೊಳ್ಳದ ನೀತಿ ಇಲ್ಲಿ ಪೂರ್ತಿಯಾಗಿ ಹೋಗಿದ್ದು 1973ರಲ್ಲಿ. ಈ ಸಂಗ್ರಹದ ಬಹುಪಾಲು ಸಂಚಿಕೆಗಳು ಆ ನೀತಿಯ ಕಾಲದವೇ. ಭಾರತ ಅಂದರೆ ಮಹಾರಾಜ, ಅರಮನೆ, ಸೀರೆ. ಇಲ್ಲಿನ ಮೂಲನಿವಾಸಿ ಹೆಂಗಸರ ಬಗ್ಗೆ ಬರೆದದ್ದು ಕಮ್ಮಿ. ಬರೆದಾಗಲೂ ಬೇರೆ ಯಾರೋ ಅವರ ಬಗ್ಗೆ ಹೇಳುತ್ತಾರೆ, ಅವರೇ ಮಾತಾಡುವುದು ಅಪರೂಪ. ಎಷ್ಟೋ ಪುಟ ಓದುವಾಗ ನನಗೆ ಬೇಜಾರಾಗಿದೆ, ಕೆಲವು ಶಬ್ದಗಳಿಗೆ ಸಿಟ್ಟೂ ಬಂದಿದೆ. 'ಆಸ್ಟ್ರೇಲಿಯನ್ ವಿಮೆನ್' ಅಂತ ಹೆಸರಿಟ್ಟುಕೊಂಡ ಪತ್ರಿಕೆಯಲ್ಲಿ ಈ ನೆಲದ ಮೊದಲ ಹೆಂಗಸರೇ ಅಂಚಿನಲ್ಲಿ ನಿಂತಿದ್ದಾರೆ. ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಬೇಕು.

ಎಪ್ಪತ್ತರ ದಶಕದಲ್ಲಿ ಅಡುಗೆ ಪುಸ್ತಕಗಳ ಕಾಲ ಶುರು. ಎಲೆನ್ ಸಿಂಕ್ಲೇರ್ ಅಂತ ಅಡುಗೆ ವಿಭಾಗದ ಸಂಪಾದಕಿ. ಪತ್ರಿಕೆಯ ಸ್ವಂತ ಅಡುಗೆಮನೆಯಲ್ಲಿ ಮತ್ತೆ ಮತ್ತೆ ಮಾಡಿ ನೋಡಿ, ಸರಿ ಬಂದ ಮೇಲೆ ಅಚ್ಚು ಹಾಕುವ ಪದ್ಧತಿ ಗಟ್ಟಿಯಾಗಿದ್ದು ಆಕೆಯ ಕಾಲದಲ್ಲಿ. 1980ರಲ್ಲಿ ಮಕ್ಕಳ ಹುಟ್ಟುಹಬ್ಬದ ಕೇಕ್‌ಗಳ ಪುಸ್ತಕ ಬಂತು. ನೂರಕ್ಕೂ ಹೆಚ್ಚು ಕೇಕ್. ಮುಖಪುಟದಲ್ಲಿ ರೈಲು. ಈ ದೇಶದಲ್ಲಿ ಎಂಬತ್ತರ ದಶಕದಲ್ಲಿ ಬೆಳೆದ ಯಾರನ್ನೇ ಕೇಳಿ, ನಿನ್ನ ಹುಟ್ಟುಹಬ್ಬಕ್ಕೆ ಯಾವ ಕೇಕ್ ಮಾಡಿದ್ದರು ಅಂತ. ಕಣ್ಣಲ್ಲಿ ಬೆಳಕು ಬರುತ್ತದೆ. ಬಾತುಕೋಳಿಯ ಕೊಕ್ಕಿಗೆ ಆಲೂಗಡ್ಡೆ ಚಿಪ್ಸು, ಈಜುಕೊಳದ ನೀರಿಗೆ ಜೆಲ್ಲಿ. ಅಂಗಡಿಯಲ್ಲಿ ಸಿಗುವ ಕೇಕ್ ಮಿಕ್ಸ್ ಪ್ಯಾಕೆಟ್ ಸಾಕು, ಚಾಕುವಿನಿಂದ ಕತ್ತರಿಸಿ ಜೋಡಿಸುವುದೇ ಕೆಲಸ. ನಾನು ಆ ಪುಸ್ತಕವನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡೆ. ಕೆಲವು ಪುಟಗಳಿಗೆ ಬೆಣ್ಣೆ ಕಲೆ, ರೈಲಿನ ಪುಟದಲ್ಲಿ ಪೆನ್ಸಿಲ್‌ನಿಂದ ಒಂದು ಟಿಕ್. ಮಗಳ ಆರನೇ ಹುಟ್ಟುಹಬ್ಬಕ್ಕೆ ಅದೇ ರೈಲು ಮಾಡಿದೆ. ಮೊಟ್ಟೆ ಇಲ್ಲದ ಕೇಕ್ ಬಳಸಿದ್ದರಿಂದ ಬೋಗಿಗಳು ಸ್ವಲ್ಪ ಮೆತ್ತಗಾದವು. ಮೊಟ್ಟೆ ಹಾಕದೆ ಮಾಡುವವರು ಹಿಂದಿನ ದಿನವೇ ಬೇಯಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಆಮೇಲೆ ಕತ್ತರಿಸಿ.

1975ರಲ್ಲಿ ಇಟಾ ಬಟ್ರೋಸ್ ಸಂಪಾದಕಿಯಾದಳು, ವಯಸ್ಸು 33. ಪತ್ರಿಕೆಯ ದೊಡ್ಡ ಹಾಳೆ ಚಿಕ್ಕದಾಗಿದ್ದು ಆಕೆಯ ಕಾಲದಲ್ಲೇ. 1982ರ ಕೊನೆಗೆ ವಾರದ ಕಥೆ ಮುಗಿಯಿತು, 1983ರಿಂದ ತಿಂಗಳ ಪತ್ರಿಕೆ. ಹೆಸರು ಮಾತ್ರ ಬದಲಾಯಿಸಲಿಲ್ಲ. 'ವಿಮೆನ್ಸ್ ಮಂತ್ಲಿ' ಅಂದರೆ ಹೆಂಗಸರ ತಿಂಗಳ ಮುಟ್ಟು ಅನ್ನುವ ಅರ್ಥ ಬರುತ್ತದೆ ಅಂತ ಬೇಡ ಅಂದರಂತೆ. ಜೊತೆಗೆ ಐವತ್ತು ವರ್ಷ ಜನರ ಬಾಯಲ್ಲಿದ್ದ ಹೆಸರು. ಈಗಿನ ತಿಂಗಳ ಪತ್ರಿಕೆಯನ್ನೂ ಲೈಬ್ರರಿಯಿಂದ ತಂದು ಓದಿದೆ. ಕೆಟ್ಟದ್ದಲ್ಲ. ಅಡುಗೆ ಈಗಲೂ ನಂಬಬಹುದು, ಒಂದೆರಡು ಉದ್ದನೆಯ ವರದಿ ಚೆನ್ನಾಗಿರುತ್ತವೆ. ಆದರೆ ಒಬ್ಬಳು ಬರೆದದ್ದಕ್ಕೆ ಇನ್ನೊಬ್ಬಳು ತಟ್ಟನೆ ಜಗಳಕ್ಕೆ ನಿಲ್ಲುವ ಆ ಬಿಸಿ ಇಲ್ಲ. ತಿಂಗಳು ಕಾಯುವುದರೊಳಗೆ ಸಿಟ್ಟು ಆರಿಹೋಗುತ್ತದೆ.

ವೆಬ್‌ಸೈಟ್‌ನ ತೊಂದರೆಗಳು. ಫೋನಿನಲ್ಲಿ ಓದುವುದು ಕಷ್ಟ, ಪುಟ ದೊಡ್ಡದು, ಅಕ್ಷರ ಚಿಕ್ಕದು. ದೊಡ್ಡ ಟ್ಯಾಬ್ಲೆಟ್ ಅಥವಾ ಕಂಪ್ಯೂಟರ್ ಬೇಕು. ನಾವು ಟೀವಿಗೆ ಜೋಡಿಸಿ ಓದಿದೆವು, ಅದು ಎಲ್ಲಕ್ಕಿಂತ ಚೆಂದ. ಕಥೆಗಳು ಮಧ್ಯದಲ್ಲಿ ನಿಂತು ಎಷ್ಟೋ ಪುಟ ಬಿಟ್ಟು ಮುಂದುವರಿಯುತ್ತವೆ, ಉಳಿದ ಭಾಗ ಹುಡುಕಿಕೊಂಡು ಹೋಗಬೇಕು. ಪುಟದ ಚಿತ್ರದ ಪಕ್ಕದಲ್ಲಿ ಯಂತ್ರ ಓದಿದ ಅಕ್ಷರಗಳು ಬರುತ್ತವೆ. ಅಲಂಕಾರದ ಅಕ್ಷರ ಬಂದರೆ ಯಂತ್ರ ತಪ್ಪುತ್ತದೆ, ಅದಕ್ಕೇ ಹುಡುಕಿದರೆ ಎಷ್ಟೋ ಸಿಗುವುದೇ ಇಲ್ಲ. ಆದರೆ ಆ ತಪ್ಪನ್ನು ಓದುವವರು ಯಾರು ಬೇಕಾದರೂ ತಿದ್ದಬಹುದು. ಸುಮ್ನೆ ಪ್ರೀತಿಯಿಂದ ಕೂತು ಸಾಲು ಸಾಲು ತಿದ್ದುವ ಸಾವಿರಾರು ಜನ ಇದ್ದಾರೆ. ನಾನೂ ಆ ನಿಂಬೆ ಪುಡ್ಡಿಂಗ್‌ನ ಹನ್ನೆರಡು ಸಾಲು ತಿದ್ದಿದೆ. ಮುಂದೆ ಯಾರಾದರೂ ಹುಡುಕಿದರೆ ಅದು ಸಿಗುತ್ತದೆ, ಆ ಮನೆಯವಳ ಹೆಸರು ಸರಿಯಾಗಿ ಇರುತ್ತದೆ.

ಟ್ರೋವ್‌ಗೆ ಹಣ ಇಲ್ಲದೆ ನಿಂತೇಹೋಗುತ್ತದೇನೋ ಅನ್ನುವ ಪರಿಸ್ಥಿತಿ ಬಂದಿತ್ತು. ಜನ ದನಿ ಎತ್ತಿದರು. 2023ರಲ್ಲಿ ಸರ್ಕಾರ ನಾಲ್ಕು ವರ್ಷಕ್ಕೆ 3.3 ಕೋಟಿ ಡಾಲರ್ ಕೊಟ್ಟಿತು, ಆಮೇಲೂ ವರ್ಷ ವರ್ಷ ಕೊಡುತ್ತೇವೆ ಅಂದಿತು. ನಾನು ಕಟ್ಟುವ ತೆರಿಗೆಯಲ್ಲಿ ಒಂದು ಪಾಲು ಇದಕ್ಕೆ ಹೋಗುತ್ತದೆ ಅಂದರೆ ನನಗೆ ಖುಷಿ. ಇದನ್ನು ಓದುವಾಗೆಲ್ಲ ನಮ್ಮ ಪತ್ರಿಕೆಗಳು ನೆನಪಾಗುತ್ತವೆ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ನಾಲ್ಕು ದಶಕ ನಡೆಸಿದ 'ಸರಸ್ವತಿ', ನಂಜನಗೂಡು ತಿರುಮಲಾಂಬ ತಂದ 'ಕರ್ನಾಟಕ ನಂದಿನಿ'. ಅವನ್ನೂ ಹೀಗೆ ಮೊದಲ ಸಂಚಿಕೆಯಿಂದ ಕೊನೆಯವರೆಗೆ, ಜಾಹೀರಾತಿನ ಸಮೇತ, ಒಂದೇ ಕಡೆ ಅಮ್ಮನ ಜೊತೆ ಕೂತು ಓದುವ ಆಸೆ ನನಗೆ ಬಹಳ ಇದೆ.

ಅಮ್ಮ ಅಕ್ಟೋಬರ್‌ನಲ್ಲಿ ಊರಿಗೆ ಹೋದಳು. ಹೋಗುವಾಗ 1936ರಲ್ಲಿದ್ದಳು. ಹಳೆಯ ಟ್ಯಾಬ್ಲೆಟ್ ಕೊಟ್ಟು ಕಳಿಸಿದೆ, ದಿನಕ್ಕೊಂದು ಸಂಚಿಕೆ ಅಂತ ಓದುತ್ತಿದ್ದಾಳೆ, ಒಂದೂ ಬಿಡದೆ. ಮೊನ್ನೆ ಫೋನ್ ಮಾಡಿದಾಗ 1941ಕ್ಕೆ ಬಂದಿದ್ದಳು.

"ಒಬ್ಬ ಹೆಂಗಸು ಮಲಯಕ್ಕೆ ಹೋಗಿದ್ದಾಳೆ ಕಣೇ, ಸೈನಿಕರನ್ನು ನೋಡೋಕೆ. ಎಷ್ಟು ಚೆನ್ನಾಗಿ ಬರೀತಾಳೆ. ಹುಡುಗರೆಲ್ಲ ಎಷ್ಟು ನಗ್ತಿದ್ದಾರೆ ನೋಡು."

ನಾನು ಸುಮ್ಮನಿದ್ದೆ.

"ನೀನು ಮುಂದೆ ಓದಿದೀಯ ಅಂತ ಗೊತ್ತು. ಏನಾಯ್ತು ಅಂತ ಹೇಳಬೇಡ" ಅಂದಳು.